ಮೆಟ್ರೋದ ಕಿಟಕಿಗೆ ಕೈ ಒಡ್ಡಿದ್ದು

ಮೆಟ್ರೋ ರೈಲಿನಲ್ಲಿ ಕಂಡಕ್ಟರ್ ಇರುವುದಿಲ್ಲ ಎಂದು ಗೊತ್ತಾದಾಗ ನನಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತೇಳು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಸುಳ್ಯದಿಂದ ಐವರ್ನಾಡು, ಬೆಳ್ಳಾರೆ ಮಾರ್ಗವಾಗಿ ಪುತ್ತೂರು. ಕೊನೆಯ ಕೆಲವು ವರ್ಷ ಕಡಬದ ಟ್ರಿಪ್ಪು. ಮಂಡಿ ಹಿಡಿದುಕೊಳ್ಳಲು ಶುರುವಾದ ಮೇಲೆ ಬಿಟ್ಟೆ. ಈಗ ನೋಡಿದರೆ ಬೆಂಗಳೂರಿನಲ್ಲಿ ನಮ್ಮ ಇಡೀ ಊರು ಹಿಡಿಸುವಷ್ಟು ದೊಡ್ಡ ಗಾಡಿ ಓಡುತ್ತದೆ, ಹತ್ತಿದವರಿಗೆ ಹೇಳುವವರಿಲ್ಲ ಕೇಳುವವರಿಲ್ಲ. ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಗೇಟಿಗೆ ತೋರಿಸಿದರೆ ಗೇಟು ತೆರೆಯುತ್ತದೆ. ಮಗುವಿಗೆ ಐದೇ ವರ್ಷ ಎಂದು ತಾಯಿ ಹೇಳುವಾಗ ಮಗು ನಡುವೆ ಬಾಯಿ ಹಾಕಿ "ಅಲ್ಲ, ಏಳು" ಎನ್ನುವುದು ಆ ಗೇಟಿಗೆ ಕೇಳಿಸುತ್ತದೆಯೇ?

ನಾನು ಮೆಟ್ರೋ ನೋಡಲು ಬೆಂಗಳೂರಿಗೆ ಹೋದವನಲ್ಲ. ನನ್ನ ಹೆಂಡತಿಯ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಊರಿನ ಕಡೆ ಅದರಿಂದ ಒಂದು ಚೂರು ಕತ್ತರಿಸಿ ಪರೀಕ್ಷೆ ಮಾಡಿದರು. ವರದಿಯಲ್ಲಿ ಏನು ಬರೆದಿತ್ತೋ ನನಗೆ ಓದಲು ಬರಲಿಲ್ಲ, ಆದರೆ ಅದನ್ನು ಓದಿದ ಡಾಕ್ಟರ ಮುಖ ಓದಲು ಬಂತು. "ಸಂಶಯ ಉಂಟು. ಬೆಂಗಳೂರಿನಲ್ಲಿ ದೊಡ್ಡವರ ಹತ್ರ ಇನ್ನೊಮ್ಮೆ ತೋರಿಸುದು ಒಳ್ಳೇದು" ಎಂದರು. ಆ ಚೂರನ್ನು ಮೇಣದಲ್ಲಿ ಹುದುಗಿಸಿ ಸಣ್ಣ ಬಿಲ್ಲೆಯ ಹಾಗೆ ಮಾಡಿದ್ದರು. ಜೊತೆಗೆ ನಾಲ್ಕು ಗಾಜಿನ ಪಟ್ಟಿಗಳು. ಇದು ಒಂದೇ ಇರುವುದು, ಕಳೆದುಹೋದರೆ ಮತ್ತೆ ಕುತ್ತಿಗೆ ಕೊಯ್ಯಬೇಕಾಗುತ್ತದೆ ಎಂದು ಹೇಳಿ ನನ್ನಿಂದ ಸಹಿ ಹಾಕಿಸಿಕೊಂಡು ಕೊಟ್ಟರು. ಕುತ್ತಿಗೆಯ ಗಾಯ ಆಗಷ್ಟೇ ಒಣಗುತ್ತಿತ್ತು. ಇನ್ನೊಮ್ಮೆ ಆ ಟೇಬಲ್ ಹತ್ತುವುದಿಲ್ಲ ಎಂದು ಅವಳು ಆಸ್ಪತ್ರೆಯ ಮೆಟ್ಟಿಲಲ್ಲೇ ಹೇಳಿದ್ದಳು. ಅವಳು ಹೇಳಿದರೆ ಹೇಳಿದ್ದೇ.

ಅವಳ ತಮ್ಮನಿಗೆ ದಾಸರಹಳ್ಳಿಯಲ್ಲಿ ಬೇಕರಿ. ಮೇಲಿನ ಕೋಣೆಯಲ್ಲಿ ಉಳಿದೆವು. ದೊಡ್ಡಾಸ್ಪತ್ರೆ ನಗರದ ಇನ್ನೊಂದು ತುದಿಯಲ್ಲಿ. ಮೊದಲ ನಾಲ್ಕು ದಿನ ಚೀಟಿ ಮಾಡಿಸುವುದು, ರಕ್ತ ಕೊಡುವುದು, ಯಾರನ್ನು ಎಲ್ಲಿ ನೋಡಬೇಕು ಎಂದು ಕೇಳುತ್ತ ಅಲೆಯುವುದು, ಇಷ್ಟಕ್ಕೇ ಓಡಾಡಿದೆವು. ಹಸಿರು ದಾರಿಯ ರೈಲು ಹತ್ತಿ ಮೆಜೆಸ್ಟಿಕ್ಕಿನಲ್ಲಿ ನೆಲದಡಿ ಇಳಿದು ನೇರಳೆ ದಾರಿಗೆ ಬದಲಾಯಿಸಬೇಕು. ನಾಲ್ಕು ದಿನದಲ್ಲಿ ನನಗೆ ಮೆಟ್ರೋದ ಗುಣ ದೋಷ ಎಲ್ಲ ಗೊತ್ತಾಗಿಬಿಟ್ಟಿತು ಎಂಬ ಗರ್ವ ಬಂದಿತ್ತು.

ಗುಣ ಇಲ್ಲವೆಂದಲ್ಲ. ಹೊತ್ತಿಗೆ ಸರಿಯಾಗಿ ಬರುತ್ತದೆ. ಚಹಾ ಕುಡಿಯಲು ನಿಲ್ಲುವುದಿಲ್ಲ, ಡ್ರೈವರಿನ ಭಾವ ಸಿಕ್ಕಿದನೆಂದು ನಿಲ್ಲುವುದಿಲ್ಲ. ನಿಲ್ದಾಣದ ಹೆಸರು ಹೇಳುವ ಹೆಂಗಸಿನ ದನಿಗೆ ದಣಿವೇ ಇಲ್ಲ. ಬಾಗಿಲು ಎಡಕ್ಕೆ ತೆರೆಯುತ್ತದೆ, ಬಲಕ್ಕೆ ತೆರೆಯುತ್ತದೆ, ಅಪರಿಚಿತರಿಂದ ಯಾವ ವಸ್ತುವನ್ನೂ ತೆಗೆದುಕೊಳ್ಳಬೇಡಿ ಎಂದು ಬೆಳಿಗ್ಗೆಯಿಂದ ಒಂದೇ ರಾಗದಲ್ಲಿ ಹೇಳುತ್ತಾಳೆ. ಒಮ್ಮೆಯೂ ಯಾರಿಗೂ ಗದರುವುದಿಲ್ಲ. ಗದರದೆ ಜನರನ್ನು ಒಳಗೆ ಸರಿಸುವುದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. "ಮುಂದೆ ಹೋಗಿ, ಮುಂದೆ ಖಾಲಿ ಉಂಟು" ಎಂಬ ಸುಳ್ಳನ್ನು ನಾನು ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಸಾವಿರ ಸಲ ಹೇಳಿರಬಹುದು! ಮುಂದೆ ಖಾಲಿ ಇಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಎಲ್ಲರೂ ಒಂದು ಹೆಜ್ಜೆ ಸರಿಯುತ್ತಿದ್ದರು. ಮೆಟ್ರೋದಲ್ಲಿ ಬಾಗಿಲ ಬಳಿ ಗಿಜಿಗಿಜಿ, ನಡುವೆ ನಿಜವಾಗಿಯೂ ಖಾಲಿ. ಹೇಳುವವರೇ ಇಲ್ಲ. ಎರಡನೆಯ ದಿನ ನನಗೆ ತಡೆಯಲಾಗದೆ "ಒಳಗೆ ಹೋಗಿ ಮಾರಾಯ್ರೆ, ಒಳಗೆ ಖಾಲಿ ಉಂಟು" ಎಂದು ಜೋರಾಗಿಯೇ ಹೇಳಿಬಿಟ್ಟೆ. ಹತ್ತು ಜನ ತಲೆ ಎತ್ತಿ ನೋಡಿದರು, ಇಬ್ಬರು ಸರಿದರು. ಹೆಂಡತಿ ನನ್ನ ಅಂಗಿಯ ತೋಳು ಹಿಡಿದು ಎಳೆದಳು.

ನನಗೆ ಇನ್ನೂ ವಿಚಿತ್ರ ಕಂಡದ್ದು ಕೂರುವ ಕ್ರಮ. ನಮ್ಮ ಬಸ್ಸಿನಲ್ಲಿ ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಕೂತಿರುತ್ತಾರೆ, ಆದರೆ ಅರ್ಧ ಜನ ಹಿಂದೆ ತಿರುಗಿ ಮಾತಾಡುತ್ತಿರುತ್ತಾರೆ. ಇಲ್ಲಿ ಎದುರುಬದುರು ಕೂರಿಸಿದ್ದಾರೆ, ಒಬ್ಬರಾದರೂ ಎದುರಿನವರ ಮುಖ ನೋಡುವುದಿಲ್ಲ. ಎಲ್ಲರ ಬಾಯಿಗೂ ಬೀಗ, ಕಿವಿಗೆ ವಯರು. ಸುರಂಗ ಬಂದಾಗ ಎದುರಿನ ಕಿಟಕಿಯಲ್ಲಿ ನಮ್ಮದೇ ಮುಖ ಕಾಣುತ್ತದೆ. ನಾನು ಮುದುಕನಾದದ್ದು ನನಗೆ ಸರಿಯಾಗಿ ಗೊತ್ತಾದದ್ದು ಚಿಕ್ಕಪೇಟೆ ಹತ್ತಿರದ ಸುರಂಗದಲ್ಲಿ. ಅದು ಆಸ್ಪತ್ರೆಯ ದಾರಿಯಲ್ಲ. ಆ ಕಡೆಗೆ ಯಾಕೆ ಹೋದೆ ಎಂಬುದೇ ಈ ಕತೆ.

ಐದನೆಯ ದಿನ ನಾನೊಬ್ಬನೇ ಹೊರಟೆ. ಆ ಮೇಣದ ಬಿಲ್ಲೆ, ಗಾಜಿನ ಪಟ್ಟಿ, ಫೈಲು ಎಲ್ಲವನ್ನೂ ಹನ್ನೆರಡು ಗಂಟೆಯೊಳಗೆ ಆಸ್ಪತ್ರೆಯ ಪ್ರಯೋಗಾಲಯದ ಕೌಂಟರಿಗೆ ಕೊಡಬೇಕಿತ್ತು. ಹೆಂಡತಿಗೆ ಆಯಾಸ. ಜವಳಿ ಅಂಗಡಿಯ ಹಳದಿ ಕೈಚೀಲದಲ್ಲಿ ಎಲ್ಲ ತುಂಬಿಸಿ ಅವಳೇ ಕೊಟ್ಟಳು. ಬಿಲ್ಲೆ, ಪಟ್ಟಿ ಇದ್ದ ಪೆಟ್ಟಿಗೆ ಅಲುಗಾಡದಂತೆ ತನ್ನ ಹತ್ತಿಯ ಟವೆಲ್ಲು ಸುತ್ತಿದ್ದಳು. "ಜಾಗ್ರತೆ" ಎಂದು ಕೂಡ ಹೇಳಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆಯೋ, ಅಥವಾ ಹೇಳುವ ಶಕ್ತಿ ಇರಲಿಲ್ಲವೋ ಗೊತ್ತಿಲ್ಲ.

ರೈಲು ತುಂಬಿ ಬಂತು. ಒಳಗೆ ಹೋಗಿ ಸರಳು ಹಿಡಿದು ನಿಂತೆ. ಜನರ ಮೊಣಕೈ ಚೀಲಕ್ಕೆ ತಾಗುತ್ತಿತ್ತು, ಒಳಗಿರುವುದು ಗಾಜು. ಎದುರಿಗೆ ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದಳು, ಕಿವಿಯಲ್ಲಿ ಹಾಡು, ಕಣ್ಣು ಮುಚ್ಚಿತ್ತು. ನಮ್ಮ ಕಡೆಯ ಬಸ್ಸಿನಲ್ಲಿ ನಿಂತವರ ಚೀಲ ಕೂತವರ ಮಡಿಲಿನಲ್ಲಿರಬೇಕು. ಅದಕ್ಕೆ ಅನುಮತಿ ಕೇಳುವ ಕ್ರಮವೇ ಇಲ್ಲ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ ಒಬ್ಬೊಬ್ಬರ ಮಡಿಲಲ್ಲಿ ಮೂರು ಮೂರು ಚೀಲ, ಕೆಲವೊಮ್ಮೆ ಮೇಲೆ ಯಾರದೋ ಮಗು. ಕೊಡದೆ ಹೆಗಲಲ್ಲೇ ಇಟ್ಟುಕೊಂಡು ನಿಂತವರನ್ನು "ಬ್ಯಾಗ್ ಕೂತವರ ಹತ್ರ ಕೊಡಿ, ದಾರಿಗೆ ಅಡ್ಡ ಎಂತಕ್ಕೆ?" ಎಂದು ಗದರುತ್ತಿದ್ದವನೇ ನಾನು. ಹಾಗಾಗಿ ನಾನು ಯೋಚನೆಯನ್ನೇ ಮಾಡದೆ ಹಳದಿ ಚೀಲವನ್ನು ಆ ಹುಡುಗಿಯ ಮಡಿಲಲ್ಲಿ ಇಟ್ಟೆ. ಅವಳು ಕಣ್ಣು ಬಿಟ್ಟು ಚೀಲ ನೋಡಿದಳು, ನನ್ನನ್ನು ನೋಡಿದಳು. ನಾನು ತಲೆ ಆಡಿಸಿದೆ. ಅವಳ ಎರಡು ಕೈ ಚೀಲದ ಮೇಲೆ ಬಂದವು. ನನಗೆ ಹಗುರವಾಯಿತು.

ಮೆಜೆಸ್ಟಿಕ್ ಬಂದಾಗ ಬಾಗಿಲು ತೆರೆಯಿತೋ ಇಲ್ಲವೋ, ಹಿಂದಿನಿಂದ ಬಂದ ಜನ ನನ್ನನ್ನು ಎತ್ತಿಕೊಂಡೇ ಹೊರಗೆ ಹಾಕಿದರು. ನನಗೆ ಗಾಬರಿ ಏನೂ ಆಗಲಿಲ್ಲ. ಆಗಬೇಕಿತ್ತು. ಯಾಕೆಂದರೆ ನಮ್ಮಲ್ಲಿ ಚೀಲ ಯಾವಾಗಲೂ ಆಮೇಲೆಯೇ ಇಳಿಯುವುದು. ಜನ ಮೊದಲು ಇಳಿಯುತ್ತಾರೆ, ಬಸ್ಸಿನ ಬದಿಗೆ ಬಂದು ಕೈ ಒಡ್ಡುತ್ತಾರೆ, ಕೂತವರು ಚೀಲವನ್ನು ಕಿಟಕಿಯಿಂದ ಕೊಡುತ್ತಾರೆ. ಛತ್ರಿ ಬೇರೆ, ಚಪ್ಪಲಿ ಬೇರೆ, ಕೊನೆಗೆ ಮಗು. ಎಲ್ಲ ಬಂತಾ ಎಂದು ಕೇಳಿ, ಬಂತು ಎಂದ ಮೇಲೆಯೇ ನಾನು ಹೊರಡಲು ಎರಡು ವಿಸಿಲ್ ಹಾಕುತ್ತಿದ್ದೆ. ಆ ದಿನ ಕೂಡ ನಾನು ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಹೆಜ್ಜೆ ನಡೆದು, ಹುಡುಗಿ ಕೂತಿದ್ದ ಕಿಟಕಿಯ ಎದುರು ನಿಂತು, ಎರಡೂ ಕೈ ಒಡ್ಡಿದೆ.

ಕಿಟಕಿ ತೆರೆಯುವ ಜಾತಿಯದ್ದಲ್ಲ ಎಂದು ಹೊಳೆದದ್ದು ಬೆರಳಿಗೆ ಗಾಜು ತಾಗಿದಾಗ. ಗಾಜನ್ನು ತಟ್ಟಿದೆ. ಹುಡುಗಿ ತಿರುಗಿ ನೋಡಿದಳು. ಅವಳ ಕಣ್ಣು ದೊಡ್ಡದಾಯಿತು, ಚೀಲ ಎತ್ತಿ ಹಿಡಿದು ಏನೋ ಹೇಳಿದಳು, ಕೇಳಿಸಲಿಲ್ಲ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ನಾನು ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಒಂದು ವಿಸಿಲ್ ಹಾಕಿದೆ. ಒಂದು ವಿಸಿಲ್ ಎಂದರೆ ನಿಲ್ಲಿಸು. ಆ ವಿಸಿಲಿಗೆ ನಿಲ್ಲದ ಬಸ್ಸು ನಮ್ಮ ಮೂರು ತಾಲೂಕಿನಲ್ಲಿ ಇರಲಿಲ್ಲ. ಇಡೀ ಪ್ಲಾಟ್‌ಫಾರ್ಮ್ ನನ್ನ ಕಡೆ ತಿರುಗಿತು. ರೈಲು ಹೋಯಿತು.

ಹೆಂಡತಿಯ ಕುತ್ತಿಗೆಯ ಚೂರು, ಅವಳು ನೋವು ತಿಂದು ಕೊಟ್ಟದ್ದು, ಸುರಂಗದೊಳಗೆ ಹೋಗಿಬಿಟ್ಟಿತ್ತು. ಹೆಸರು ಗೊತ್ತಿಲ್ಲದ ಒಬ್ಬಳ ಮಡಿಲಲ್ಲಿ. ಅವಳು ಅದನ್ನು ಹೆದರಿ ಎಲ್ಲಾದರೂ ಬಿಸಾಡಿದರೆ? ಬಾಂಬೆಂದು ಯಾರಾದರೂ ಕೂಗಿದರೆ? ಇನ್ನೊಮ್ಮೆ ಕೊಯ್ಯಲು ಹೆಂಡತಿ ಒಪ್ಪುವುದಿಲ್ಲ. ಒಪ್ಪದೆ ಇದ್ದರೆ ಆ ಗಂಟು ಎಂತದ್ದೆಂದು ನಮಗೆ ಗೊತ್ತಾಗುವುದೇ ಇಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಇಷ್ಟೆಲ್ಲ ನನ್ನ ತಲೆಯಲ್ಲಿ ಒಂದೇ ಉಸಿರಿಗೆ ಓಡಿತು.

ವಿಸಿಲ್ ಕೇಳಿ ಬಂದ ಕಾವಲಿನವರು ಗದರಲು ಬಾಯಿ ತೆರೆದವರು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಮೇಲೆ ಒಂದು ಗಾಜಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಅಧಿಕಾರಿ ಹೆಂಗಸು ಶಾಂತವಾಗಿ ಪ್ರಶ್ನೆ ಕೇಳಿದರು.

"ಬ್ಯಾಗ್ ಮರೆತು ಇಳಿದ್ರಾ?"

"ಮರೆತದ್ದಲ್ಲ. ಕೊಟ್ಟದ್ದು."

"ಯಾರಿಗೆ? ನಿಮ್ಮವರಿಗಾ?"

"ಅಲ್ಲ. ಗುರುತಿಲ್ಲ."

"ಗುರುತಿಲ್ಲದವರಿಗೆ ಯಾಕೆ ಕೊಟ್ರಿ?"

"ಅವರು ಕೂತಿದ್ರು, ನಾನು ನಿಂತಿದ್ದೆ" ಎಂದೆ. ನನಗೆ ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಅವರು ಫೋನ್ ಎತ್ತಿ ಮುಂದಿನ ನಿಲ್ದಾಣಗಳಿಗೆ ಹಳದಿ ಚೀಲ, ಒಳಗೆ ಆಸ್ಪತ್ರೆಯ ವಸ್ತು ಎಂದು ಹೇಳತೊಡಗಿದರು. ಎಷ್ಟನೆಯ ಬೋಗಿ ಎಂದು ಕೇಳಿದರು. ಬಸ್ಸಿಗೆ ಒಂದೇ ಬೋಗಿ ಇರುವುದು, ನಾನು ಲೆಕ್ಕ ಇಟ್ಟಿರಲಿಲ್ಲ. ನಡುವಿನದ್ದು ಎಂದೆ.

ಹೆಂಡತಿಗೆ ಫೋನ್ ಮಾಡಬೇಕು ಎಂದು ಜೇಬಿಗೆ ಕೈ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಹೇಗೆ ಹೇಳಲಿ? ಊರಿನಲ್ಲಿ ಬಸ್ಸಿನಲ್ಲಿ ಬಿಟ್ಟುಹೋದ ಯಾವ ಚೀಲವನ್ನೂ ನಾನು ಕಳೆದುಕೊಂಡವನಲ್ಲ. ಗುತ್ತಿಗಾರಿನ ಹೆಂಗಸೊಬ್ಬರು ಮಗಳ ಮದುವೆಯ ಸೀರೆಗಳನ್ನೇ ಬಿಟ್ಟು ಇಳಿದಿದ್ದರು, ಮರುದಿನ ಮೊದಲ ಟ್ರಿಪ್ಪಿನಲ್ಲಿ ಅವರ ಕೈಗೇ ಕೊಟ್ಟಿದ್ದೆ. ಮುಕ್ಕಾಲು ಪಾಲು ಚೀಲಗಳನ್ನು ನೋಡಿದರೇ ಯಾರದ್ದೆಂದು ಹೇಳುತ್ತಿದ್ದೆ. ಈಗ ನನ್ನ ಚೀಲವನ್ನು ನೋಡಿ ಯಾರದ್ದೆಂದು ಹೇಳುವವರು ಈ ಊರಿನಲ್ಲಿ ಒಬ್ಬರೂ ಇಲ್ಲ. ಆ ಕುರ್ಚಿಯಲ್ಲಿ ಕೂತು ನಾನು ಅತ್ತೆ. ಹೇಳಲು ನಾಚಿಕೆ ಏನಿಲ್ಲ, ಅತ್ತೆ.

ಅಷ್ಟರಲ್ಲಿ ಫೋನ್ ತಾನಾಗಿಯೇ ಬಡಿದುಕೊಂಡಿತು. ಹೆಂಡತಿ.

"ಒಂದು ಹುಡುಗಿ ಫೋನ್ ಮಾಡಿದ್ಲು. ಫೈಲಿನಲ್ಲಿ ನನ್ನ ನಂಬರ್ ಇತ್ತಂತೆ. ಚೀಲ ಅವಳ ಹತ್ರ ಉಂಟು. ಜಯನಗರ ಸ್ಟೇಷನ್‌ನಲ್ಲಿ ಕಾಯ್ತಾಳಂತೆ. ಹೋಗಿ ತಕೊಳ್ಳಿ."

"ಆಯ್ತು" ಎಂದೆ. ಅವಳು ಫೋನ್ ಇಟ್ಟಳು. ಹೋದ ಜೀವ ಬಂದ ಹಾಗಾಯಿತು, ಅದು ನಿಜ. ಆದರೆ ಬೇರೆ ದಿನವಾಗಿದ್ದರೆ ಅವಳ ಬಾಯಿಯಿಂದ ನನಗೆ ಬೀಳಬೇಕಾಗಿದ್ದ ಮಾತುಗಳು ಒಂದೂ ಬೀಳಲಿಲ್ಲವಲ್ಲ, ಅದು ಒಳಗೆ ಚುಚ್ಚಿತು. ಗಾಜಿನ ಕೋಣೆಯ ಅಧಿಕಾರಿ ನನಗಿಂತ ಮೊದಲು ನಕ್ಕರು. ತಾವೇ ಕೆಳಗೆ ಬಂದು ಸರಿಯಾದ ಬದಿಯ ರೈಲು ತೋರಿಸಿ, "ಯಾರಿಗೂ ಏನೂ ಕೊಡಬೇಡಿ, ಆಯ್ತಾ?" ಎಂದು ಕಳಿಸಿದರು.

ಚಿಕ್ಕಪೇಟೆಯ ಸುರಂಗದಲ್ಲಿ ನನ್ನ ಮುಖ ಕಂಡದ್ದು ಆಗಲೇ. ಮಾರುಕಟ್ಟೆ ದಾಟಿದ ಮೇಲೆ ರೈಲು ನೆಲದಿಂದ ಮೇಲೆ ಬಂತು, ಬಿಸಿಲು ಒಳಗೆ ಬಿತ್ತು. ಜಯನಗರದಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನಲ್ಲಿ ಅವಳು ಕೂತಿದ್ದಳು. ಚೀಲ ಮಡಿಲಲ್ಲೇ ಇತ್ತು, ಕೈ ಎರಡೂ ಅದರ ಮೇಲೆ, ನಾನು ಕೊಟ್ಟಾಗ ಹೇಗಿತ್ತೋ ಹಾಗೆ. ಪಕ್ಕದಲ್ಲಿ ಜಾಗ ಇದ್ದರೂ ಕೆಳಗಿಟ್ಟಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸವಂತೆ, ರಾಯಚೂರು ಕಡೆಯವಳಂತೆ. ನನ್ನಿಂದಾಗಿ ಅವಳಿಗೆ ಕೆಲಸಕ್ಕೆ ತಡವಾಗಿತ್ತು.

"ಹೆದರಿಕೆ ಆಗ್ಲಿಲ್ವಾ ನಿಮಗೆ?" ಎಂದು ಕೇಳಿದೆ.

"ಆತ್ರೀ. ಮೊದಲು ಭಾಳ ಹೆದರಿಕಿ ಆತು. ನೀವು ಕೇಳಲೇ ಇಲ್ಲಲ್ರೀ, ಇಟ್ಟೇ ಬಿಟ್ರಿ. ಕೇಳಿದ್ರ ಒಲ್ಲೆ ಅಂತಿದ್ದೆ."

"ಮತ್ತೆ?"

"ನೀವು ಹೊರಗ ನಿಂತು ಕೈ ಚಾಚಿದ್ರಲ್ಲ, ಆವಾಗ ನಿಮ್ಮ ಮಾರಿ ನೋಡಿದೆ. ಇದ್ರಾಗ ಏನೋ ಭಾಳ ಬೇಕಾದದ್ದು ಐತಿ ಅನ್ನಿಸ್ತು."

ನಾನು ಅವಳಿಗೆ ಎರಡೂ ಕೈ ಮುಗಿದೆ. ಅವಳು ಗಲಿಬಿಲಿಯಾಗಿ "ಬಿಡ್ರಿ ಅಂಕಲ್" ಎನ್ನುತ್ತ ಮೆಟ್ಟಿಲ ಕಡೆ ಓಡಿದಳು. ಹೆಸರು ಕೇಳಲು ಮರೆತೆ. ಟವೆಲ್ಲು ಬಿಚ್ಚಿ ನೋಡಿದೆ. ನಾಲ್ಕು ಗಾಜಿನ ಪಟ್ಟಿಯೂ ಸರಿ ಇತ್ತು, ಮೇಣದ ಬಿಲ್ಲೆಯೂ. ಆಸ್ಪತ್ರೆಯ ಕೌಂಟರಿಗೆ ತಲುಪಿದಾಗ ಹನ್ನೊಂದೂ ಮುಕ್ಕಾಲು. ದಾರಿಯುದ್ದಕ್ಕೂ ಚೀಲವನ್ನು ಎದೆಗೆ ಅವಚಿ ಹಿಡಿದಿದ್ದೆ. ಒಬ್ಬ ಒಳ್ಳೆಯ ಮನುಷ್ಯ ಎದ್ದು ಜಾಗ ಕೊಡಲು ಬಂದರೂ ಸಂಶಯದಿಂದ ನೋಡಿದೆ. ಪಾಪ, ಅವರಿಗೆ ಬೇಸರವಾಗಿರಬೇಕು.

ಸಂಜೆ ಕೋಣೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಕಿಟಕಿಗೆ ಕೈ ಒಡ್ಡಿದ್ದು ಕೂಡ. ಅವಳು ಮಂಚದ ಅಂಚಿನಲ್ಲಿ ಕೂತು ಕೇಳಿದಳು. "ಸಿಕ್ಕಿತಲ್ಲ" ಎಂದಳು, ಅಷ್ಟೇ. ಮುಂದಿನ ಐದು ದಿನ ವರದಿಗೆ ಕಾಯುತ್ತ ನಾವಿಬ್ಬರೂ ಬೇಕರಿಗೆ ಬಂದು ಹೋಗುವವರನ್ನು ಮೇಲಿನಿಂದ ನೋಡುತ್ತ ಕಳೆದೆವು. ಬ್ರೆಡ್ಡಿನ ಪರಿಮಳ ಬೆಳಿಗ್ಗೆ ಸಂಜೆ ಬರುತ್ತಿತ್ತು, ಯಾರಿಗೂ ಹಸಿವೆ ಇರಲಿಲ್ಲ.

ಆರನೆಯ ದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ನಮ್ಮ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಡಾಕ್ಟರು ಕಾಗದ ನೋಡಿ, ಅವಳ ಕುತ್ತಿಗೆ ಇನ್ನೊಮ್ಮೆ ಮುಟ್ಟಿ ನೋಡಿ, ನಿಧಾನವಾಗಿ ಹೇಳಿದರು: "ಗಾಜಿನ ಪಟ್ಟಿ ನೋಡಿ ನಮಗೂ ಸಂಶಯ ಇತ್ತು. ನೀವು ತಂದ ಮೇಣದ ತುಂಡಿನಿಂದ ಹೊಸದಾಗಿ ತೆಳ್ಳಗೆ ಕತ್ತರಿಸಿ ಎಲ್ಲ ಪರೀಕ್ಷೆ ಮಾಡಿದ್ವಿ. ಕ್ಯಾನ್ಸರ್ ಅಲ್ಲ. ಕ್ಷಯದ ಗಂಟು. ಆರು ತಿಂಗಳು ತಪ್ಪದೆ ಮಾತ್ರೆ ತಗೊಂಡ್ರೆ ಹೋಗುತ್ತೆ."

ಕ್ಷಯ ಎಂಬ ಮಾತು ಕೇಳಿ ಇಷ್ಟು ಸಂತೋಷಪಟ್ಟವರು ಆ ಕೋಣೆಯಲ್ಲಿ ಬೇರೆ ಯಾರಾದರೂ ಇದ್ದರೋ ಇಲ್ಲವೋ. ನಾನು "ಖಂಡಿತವಾ?" ಎಂದು ಮೂರು ಸಲ ಕೇಳಿದೆ. ಡಾಕ್ಟರು ಮೂರು ಸಲವೂ ಹೌದೆಂದರು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಗೆ ಬಂದು ಒಂದು ಎಳನೀರು ಕುಡಿಸಿದೆ.

ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದ ಮೇಲೆ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಎರಡು ನಿಲ್ದಾಣ ದಾಟುವುದರೊಳಗೆ ಅವಳ ತಲೆ ನನ್ನ ಭುಜಕ್ಕೆ ಬಿತ್ತು. ಮೊದಲ ವರದಿ ಬಂದ ದಿನದಿಂದ ಅವಳು ಸರಿಯಾಗಿ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಈಗ ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆಯೂ ಬರುತ್ತಿತ್ತು. ದಾಸರಹಳ್ಳಿ ಬಂತು. ನಿದ್ದೆ ಹೋದ ಎಷ್ಟೋ ಜನರನ್ನು ಭುಜ ತಟ್ಟಿ ಎಬ್ಬಿಸಿ ಅವರವರ ಸ್ಟಾಪಿನಲ್ಲಿ ಇಳಿಸಿದವನು ನಾನು. ಬಾಗಿಲು ತೆರೆಯಿತು, ಬಾಗಿಲು ಮುಚ್ಚಿತು. ನನ್ನ ಕೈ ಏಳಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿಯಲೇಬೇಕು. ಆಗ ಎಬ್ಬಿಸಿದೆ. ಅವಳು ಕಣ್ಣುಜ್ಜಿಕೊಂಡು ಹೊರಗೆ ಇಳಿದು, ಹಲಗೆಯ ಮೇಲಿನ ಹೆಸರು ಓದಿ, ನನ್ನ ಕಡೆ ತಿರುಗಿದಳು.

"ಇದು ಎಲ್ಲಿ? ನಾವು ಇಳಿಯುದು ದಾಟಿ ಹೋಯ್ತಾ?"

"ಹೋಯ್ತು."

"ನೀವೂ ನಿದ್ದೆ ಮಾಡಿದ್ರಾ?"

"ಇಲ್ಲ. ಎಬ್ಬಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ಎಂತ ಜನ ಮಾರಾಯ್ರೆ ನೀವು! ಕಂಡಕ್ಟರ್ ಅಂತೆ ಕಂಡಕ್ಟರ್! ಒಂದು ಚೀಲ ಕೊಟ್ರೆ ಯಾರದೋ ಮಡಿಲಲ್ಲಿ ಹಾಕಿ ಬರುದು, ಹೆಂಡತಿಯನ್ನು ಕರ್ಕೊಂಡು ಹೊರಟ್ರೆ ಸ್ಟಾಪ್ ದಾಟಿಸುದು. ಕಿಟಕಿಗೆ ಕೈ ಒಡ್ಡಿದ್ದಂತೆ, ವಿಸಿಲ್ ಹಾಕಿದ್ದಂತೆ! ಜನ ಎಂತ ಹೇಳಿಯಾರು? ಆ ಹುಡುಗಿಯ ಹೆಸರಾದ್ರೂ ಕೇಳ್ಬೇಕಾ ಬೇಡ್ವಾ?"

ಆರು ದಿನದಿಂದ ಕೂಡಿಟ್ಟದ್ದೆಲ್ಲ ಬಂತು. ಎದುರಿನ ಪ್ಲಾಟ್‌ಫಾರ್ಮಿಗೆ ದಾಟುವಾಗ ಬೈದಳು, ವಾಪಸು ಬರುವ ರೈಲಿನಲ್ಲಿ ಬೈದಳು, ಕಿವಿಗೆ ವಯರು ಹಾಕಿಕೊಂಡಿದ್ದ ಇಬ್ಬರು ಅದನ್ನು ತೆಗೆದು ಕೇಳಿದರು. ಬೇಕರಿಯ ಮೆಟ್ಟಿಲು ಹತ್ತುವವರೆಗೂ ಬೈದಳು. ನಾನು ಒಂದಕ್ಕೂ ಎದುರಾಡಲಿಲ್ಲ. ಇವಳು ನನಗೆ ಉಳಿದಳು ಎಂದು ನಂಬಿಕೆ ಬಂದದ್ದು ಡಾಕ್ಟರು ಮೂರು ಸಲ ಹೌದೆಂದಾಗ ಅಲ್ಲ, ಆಗ.